ತಂತಿಯಲ್ಲಿ ಹರಿದ 'ಪ್ರಸ್ತುತ'

ಹೆಗ್ಗನಹಳ್ಳಿ ಕ್ರಾಸಿನ ಫ್ಲೆಕ್ಸ್ ಅಂಗಡಿಯಲ್ಲಿ ಜಗದಾಂಬಾ ಇಪ್ಪತ್ತೆರಡು ವರ್ಷದಿಂದ ಟೈಪ್ ಮಾಡುತ್ತಿದ್ದಳು. ಗೃಹಪ್ರವೇಶ, ಶ್ರದ್ಧಾಂಜಲಿ, ಪುಢಾರಿಗಳ ಹುಟ್ಟುಹಬ್ಬ, ಎಲ್ಲವೂ ಅವಳ ಕೈಯಿಂದಲೇ ಹೊರಬರಬೇಕು. ಒತ್ತು, ದೀರ್ಘ ತಪ್ಪಿದ್ದರೆ ಗಿರಾಕಿ ಕೇಳದಿದ್ದರೂ ತಿದ್ದುತ್ತಿದ್ದಳು. ಮಾಲೀಕ ಮಂಜುನಾಥನಿಗೆ ಅದು ಹೆಮ್ಮೆಯೂ ಹೌದು, ಕಿರಿಕಿರಿಯೂ ಹೌದು.

ಆ ಸೋಮವಾರ ಬಂದದ್ದು ವಿಜ್ಞಾನ ಪ್ರದರ್ಶನದ ಕೆಲಸ. ರಾಜಾಜಿನಗರದ ಒಂದು ಸಭಾಂಗಣದಲ್ಲಿ ಹತ್ತು ದಿನ, ಎಲ್ಲರಿಗೂ ಉಚಿತ ಪ್ರವೇಶ. ನಲವತ್ತು ಬೋರ್ಡು, ಮೇಲೆ ದಪ್ಪಕ್ಷರದಲ್ಲಿ ಇಂಗ್ಲಿಷ್, ಕೆಳಗೆ ಇರುವೆ ಸಾಲಿನಂತೆ ಕನ್ನಡ. ಮೊದಲನೆಯದನ್ನು ಓದಿದಳು: 'ಪ್ರಸ್ತುತವು ತಾಮ್ರದ ತಂತಿಯ ಮೂಲಕ ಹರಿಯುತ್ತದೆ.' ಇನ್ನೊಮ್ಮೆ ಓದಿದಳು. ಕರೆಂಟ್ ಎಂಬ ಇಂಗ್ಲಿಷ್ ಪದಕ್ಕೆ 'ಈಗಿನದು' ಎಂಬ ಅರ್ಥ ಹಿಡಿದು ಯಾವುದೋ ಕಂಪ್ಯೂಟರ್ ಅನುವಾದ ಮಾಡಿತ್ತು. ಮುಂದಿನ ಬೋರ್ಡಿನಲ್ಲಿ 'ಫೀಲ್ಡ್' ಹೋಗಿ ಅಯಸ್ಕಾಂತದ ಸುತ್ತ ಮೈದಾನವಿತ್ತು. ಅದರ ಮುಂದಿನದರಲ್ಲಿ 'ಸೆಲ್' ಎಂಬುದು ಜೈಲಿನದಾಗಿ, ಮನುಷ್ಯನ ದೇಹ ಕೋಟಿಗಟ್ಟಲೆ ಸೆರೆಕೋಣೆಗಳಿಂದ ಆಗಿತ್ತು.

ಪ್ರದರ್ಶನದ ಉಸ್ತುವಾರಿ ಆತ್ರೇಯ ಎಂಬ ಹುಡುಗನದು. ಅವನಿಗೆ ಫೋನ್ ಮಾಡಿದಳು.

"ಆಂಟಿ, ಅದೆಲ್ಲಾ ಸಾಫ್ಟ್‌ವೇರ್ ಮಾಡಿರೋದು, ಕರೆಕ್ಟಾಗೇ ಇರತ್ತೆ. ನೀವು ಪ್ರಿಂಟ್ ಹಾಕಿ ಸಾಕು."

"ಅಲ್ಲಪ್ಪಾ, ಓದಿದೋರಿಗೆ ಅರ್ಥ ಆಗ್ಬೇಡ್ವಾ?"

"ಕನ್ನಡ ಬೋರ್ಡ್ ಯಾರ್ ಓದ್ತಾರೆ ಆಂಟಿ? ಇರ್ಬೇಕು ಅಂತಾರೆ, ಹಾಕ್ತಿದೀವಿ, ಅಷ್ಟೇ."

ಅವಳು ಫೋನ್ ಇಟ್ಟು ಮಾಲೀಕನಿಗೆ ದೂರಿದಳು. ಮಂಜುನಾಥ್ ಮಾತ್ರ, "ಕಳ್ಸಿದ್ದನ್ನ ಒತ್ತಮ್ಮಾ, ನಮಗ್ಯಾಕೆ ಉಸಾಬರಿ" ಎಂದ. ಹಲ್ಲು ಕಚ್ಚಿಕೊಂಡು ನಲವತ್ತನ್ನೂ ಒತ್ತಿ ಕಳುಹಿಸಿದಳು.

ಭಾನುವಾರ ಮಧ್ಯಾಹ್ನ ಮನಸ್ಸು ತಡೆಯದೆ ನೋಡಲು ಹೋದಳು. ಮೊದಲ ಬೋರ್ಡಿನ ಮುಂದೆ ಖಾಕಿ ಅಂಗಿಯ ಆಟೋ ಡ್ರೈವರೊಬ್ಬ ಏಳನೇ ಕ್ಲಾಸಿನಷ್ಟು ಮಗಳನ್ನು ನಿಲ್ಲಿಸಿಕೊಂಡು, ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ.

"ಪ್ರಸ್ತುತ ಅಂದ್ರೇನಪ್ಪಾ?" ಮಗಳು ಕೇಳಿದಳು.

ಅವನು ಮತ್ತೊಮ್ಮೆ ಓದಿದ. ಆಮೇಲೆ ಪೆಚ್ಚಾಗಿ ನಕ್ಕ. "ನಂಗೊತ್ತಿಲ್ಲ ಕಣವ್ವಾ. ಇದೆಲ್ಲಾ ಓದಿರೋರಿಗೆ. ನಾನೆಲ್ಲಿ ಓದಿದೀನಿ?"

ಜಗದಾಂಬಾಗೆ ತನ್ನ ಓದು ನೆನಪಾಯಿತು. ಹೊಸದುರ್ಗದ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಅವಳೇ ಮೊದಲು. ಪಿಯುಸಿಯಲ್ಲಿ ಪಾಠವೆಲ್ಲ ಒಮ್ಮೆಗೇ ಇಂಗ್ಲಿಷ್ ಆದಾಗ ಮೂರು ತಿಂಗಳು ಹಿಂದಿನ ಬೆಂಚಿನಲ್ಲಿ ಕಣ್ಣು ಬಿಟ್ಟುಕೊಂಡು ಕೂತು, ತಾನೇ ದಡ್ಡಿ ಎಂದುಕೊಂಡು, ಆರ್ಟ್ಸ್‌ಗೆ ಬದಲಾಯಿಸಿಕೊಂಡಿದ್ದಳು. ತಪ್ಪು ತನ್ನದಲ್ಲ ಎಂದು ಅವತ್ತು ಯಾರೂ ಹೇಳಿರಲಿಲ್ಲ.

"ಅಣ್ಣಾ, ನೀವು ಓದಿದ್ದು ಸರಿಯಾಗೇ ಇದೆ. ಬೋರ್ಡೇ ತಪ್ಪು" ಎಂದವಳೇ ಬ್ಯಾಗಿನಿಂದ ಮಾರ್ಕರ್ ತೆಗೆದು 'ಪ್ರಸ್ತುತ'ದ ಮೇಲೆ ಅಡ್ಡಗೆರೆ ಎಳೆದು, ದೊಡ್ಡದಾಗಿ 'ಕರೆಂಟು' ಎಂದು ಬರೆದಳು.

"ಓ, ಕರೆಂಟಾ!" ಹುಡುಗಿ ಬೋರ್ಡಿನ ಕೆಳಗೆ ಮೇಜಿನ ಮೇಲಿಟ್ಟಿದ್ದ ತಂತಿಯ ತುದಿಯನ್ನು ಬ್ಯಾಟರಿಗೆ ಜೋಡಿಸಿದಳು. ಬಲ್ಬು ಹತ್ತಿತು.

ಜಗದಾಂಬಾ ಅಲ್ಲಿಗೆ ನಿಲ್ಲಿಸಲಿಲ್ಲ. ಮೈದಾನ ಹೋಗಿ ಅಯಸ್ಕಾಂತದ ಸೆಳೆತ ಬಂತು, ಸೆರೆಕೋಣೆ ಹೋಗಿ ಜೀವಕೋಶ ಬಂತು. ಆರನೇ ಬೋರ್ಡು ತಿದ್ದಿ ಮುಗಿಸುವಷ್ಟರಲ್ಲಿ ಸೆಕ್ಯೂರಿಟಿಯವನು ಕೈ ಹಿಡಿದ. ಆತ್ರೇಯ ಓಡಿಬಂದ.

"ಏನ್ ಆಂಟಿ ಇದು? ಬೋರ್ಡೆಲ್ಲಾ ಹಾಳ್ ಮಾಡ್ತಿದೀರಾ!"

"ಬಾಪ್ಪಾ ಇಲ್ಲಿ. ಮುಂದಿನ ಬೋರ್ಡ್ ಇದೆಯಲ್ಲಾ, ಜೋರಾಗಿ ಓದು. ಓದಿ ಇವ್ರಿಗೆ ಅರ್ಥ ಹೇಳು."

ಸುತ್ತ ಹತ್ತಿಪ್ಪತ್ತು ಜನ ಸೇರಿದ್ದರು. ಆತ್ರೇಯ ಶುರುಮಾಡಿದ: "ನೀರಿನ ಶಕ್ತಿಯಿಂದ ವಿದ್ಯುತ್ ಗಿಡವು..." ಪವರ್ ಪ್ಲಾಂಟ್ ಗಿಡವಾಗಿದ್ದಲ್ಲೇ ನಿಂತ.

"ವಿದ್ಯುತ್ ಗಿಡ ಎಲ್ಲಿ ಬೆಳಿಯತ್ತೆ ಸಾರ್?" ಗುಂಪಿನಲ್ಲಿ ಯಾರೋ ಕೇಳಿದರು.

"ನಗ್ಬೇಡಿ!" ಜಗದಾಂಬಾ ಗುಂಪಿನ ಮೇಲೂ ರೇಗಿದಳು. "ಈ ಮನುಷ್ಯ ಮಗಳ ಮುಂದೆ ತನ್ನನ್ನೇ ದಡ್ಡ ಅಂದ್ಕೊಂಡ್ರು. ಎಲ್ರಿಗೂ ಪ್ರವೇಶ ಅಂತ ಗೇಟಲ್ಲಿ ಹಾಕಿದೀರಲ್ಲಾ, ಒಳಗೆ ಬಂದೋರಿಗೆ ಮಾಡೋ ಮರ್ಯಾದೆ ಇದೇನಾ?"

ಅವಳನ್ನು ಹೊರಗೆ ಕಳುಹಿಸಿದರು. ಮರುದಿನ ಅಂಗಡಿಯಲ್ಲಿ ಮಂಜುನಾಥ್ ಅರ್ಧ ಗಂಟೆ ಕೂಗಾಡಿದ. ಅವಳು ಕ್ಷಮೆ ಕೇಳಲಿಲ್ಲ.

ಮಂಗಳವಾರ ಆತ್ರೇಯನೇ ಬಂದ. ಗೀಚಿದ ಆರು ಬೋರ್ಡು ಮತ್ತೆ ಒತ್ತಬೇಕಿತ್ತು. "ಹಳೇ ಫೈಲಾದ್ರೆ ನಾನು ಒತ್ತಲ್ಲ" ಎಂದಳು. ಮಂಜುನಾಥ್ ಅವಳ ಮುಖ ನೋಡಿ ಬೇರೆ ಕೆಲಸಕ್ಕೆ ತಿರುಗಿದ. ಆತ್ರೇಯ ಮುಖ ಗಂಟಿಕ್ಕಿಕೊಂಡೇ ಪ್ಲಾಸ್ಟಿಕ್ ಸ್ಟೂಲ್ ಎಳೆದು ಕೂತ. ಇಬ್ಬರೂ ಸಾಲು ಸಾಲಾಗಿ ತಿದ್ದಿದರು. ಕನ್ನಡದ ಅಕ್ಷರ ಇಂಗ್ಲಿಷಿನಷ್ಟೇ ದಪ್ಪವಾಯಿತು.

"ಮಿಕ್ಕಿದ್ದು?" ಎಂದು ಕೇಳಿದಳು.

"ಅದಕ್ಕೆ ಮೇಲಿನೋರು ಒಪ್ಪಲ್ಲ ಆಂಟಿ."

ಪ್ರದರ್ಶನ ಮುಗಿಯುವವರೆಗೂ ಆ ಮೂವತ್ತನಾಲ್ಕು ಬೋರ್ಡು ಹಾಗೇ ನಿಂತಿದ್ದವು. ಜಗದಾಂಬಾ ಮತ್ತೆ ಆ ಕಡೆ ಹೋಗಲಿಲ್ಲ. ಆರು ಸರಿಹೋದವಲ್ಲ ಎಂದು ಯಾರಾದರೂ ಸಮಾಧಾನ ಹೇಳಿದರೆ ಅವಳಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.