ಗೋದಲಿಯ ಗುಂಡುಕಲ್ಲು

ಉಡಿಗಾಲ ಎಂಬ ಊರಿನಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಮೊದಲು ಕರೆ ಹೋಗುತ್ತಿದ್ದುದು ಮಂಗಳಗೌರಿಗೆ. ಶಾಂತಮಲ್ಲಪ್ಪನ ಹೆಂಡತಿ, ಅರಿಶಿನದ ಹೊಲದ ಮನೆಯ ಯಜಮಾನತಿ ಎನ್ನುವುದೆಲ್ಲ ಆಮೇಲಿನ ಮಾತು. ಕೂಸನ್ನು ತೊಟ್ಟಿಲಿಗೆ ಹಾಕುವ ಮುಂಚೆ ಒರಳಿನ ಗುಂಡುಕಲ್ಲನ್ನು ತೊಳೆದು, ಎಣ್ಣೆ ಸವರಿ, ವಿಭೂತಿ ಇಟ್ಟು, ಕುಲಾವಿ ಹಾಕಿ ಮಲಗಿಸಬೇಕಲ್ಲ, ಆ ಕೆಲಸಕ್ಕೆ ಅವಳ ಕೈಯೇ ಆಗಬೇಕು. ಬರಿ ತೊಟ್ಟಿಲಿಗೆ ಕೂಸನ್ನು ಹಾಕಬಾರದು; ಬರುವ ಕಣ್ಣು, ಬರುವ ಕೇಡು ಮೊದಲು ಕಲ್ಲಿಗೆ ತಾಗಿ ಹೋಗಲಿ, ಕೂಸು ಆಮೇಲೆ. ಅವಳ ಕೈಗುಣ ಒಳ್ಳೆಯದು ಎಂದು ಊರೇ ಹೇಳುತ್ತಿತ್ತು. ಹೀಗೆ ಊರಿನ ಅರ್ಧ ಮಕ್ಕಳಿಗೆ ಕಲ್ಲು ಮಲಗಿಸಿದ ಹೆಂಗಸು ತನ್ನ ಸ್ವಂತ ಮೊಮ್ಮಗಳ ತೊಟ್ಟಿಲ ಹತ್ತಿರ ಸುಳಿಯಲಿಲ್ಲ. ಏನು ಹಟವೋ ಮಹಾತಾಯಿಯದು!

ಕಾರಣ ಇಷ್ಟೇ. ಮಗಳು ಕಾವ್ಯಶ್ರೀ, ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ತರಕಾರಿ ವ್ಯಾನು ಓಡಿಸುವ ಜೋಬಿ ಎಂಬ ಮಲಯಾಳಿ ಹುಡುಗನನ್ನು ಮದುವೆಯಾದಳು. ಲಿಂಗ ಕಟ್ಟಿದ ಮನೆಯ ಹುಡುಗಿ ಚರ್ಚಿಗೆ ಹೋದಳು ಎಂದು ನೆಂಟರು ಆಡಿಕೊಂಡರು. ಶಾಂತಮಲ್ಲಪ್ಪ ಮಗಳ ಜೊತೆ ಮಾತು ಬಿಟ್ಟ. ಮಂಗಳಗೌರಿಯೂ ಮಾತು ಬಿಟ್ಟಳು, ಆದರೆ ಬಿಡುವ ಮುಂಚೆ ಬಾಯಿಗೆ ಬಂದದ್ದನ್ನೆಲ್ಲ ಆಡಿಯೇ ಬಿಟ್ಟಳು. ಮೊದಲ ಹೆರಿಗೆಯಾದಾಗ ಬಾಣಂತನಕ್ಕೂ ಹೋಗಲಿಲ್ಲ. ಆ ಮಗು ಎಸ್ತೇರ್, ಮನೆಯವರ ಬಾಯಲ್ಲಿ ಎಸ್ತು, ಹುಟ್ಟಿ ಎರಡು ವರ್ಷ ದಾಟಿದ್ದರೂ ಅಜ್ಜಿಯ ಮುಖ ಕಂಡಿರಲಿಲ್ಲ.

ಡಿಸೆಂಬರ್ ಶುರುವಿನಲ್ಲಿ ಒಂದು ಬೆಳಿಗ್ಗೆ ಜೋಬಿಯ ಫೋನು ಬಂತು.

"ಅಮ್ಮಾ, ಕಾವ್ಯಂಗೆ ನೀರು ಹೋಗ್ತಾ ಇದೆ. ಮೈಸೂರಲ್ಲಿ ಅಡ್ಮಿಟ್ ಮಾಡಿದೀನಿ. ನಮ್ಮಮ್ಮ, ಅಮ್ಮಚ್ಚಿ, ಕಾಲು ಮುರಿದು ಮಲಗಿದಾರೆ. ಮೋಳನ್ನ, ಎಸ್ತೂನ ನೋಡೋಕೆ ಯಾರೂ ಇಲ್ಲಮ್ಮ."

ಕಾವ್ಯಶ್ರೀ ಮತ್ತೆ ಬಸುರಿ; ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿತ್ತು. ಏಳಕ್ಕೆ ಹುಟ್ಟಿದ್ದಾದರೂ ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಎಂದು ಮುದುಕಿಯರು ಹೇಳುವುದನ್ನು ಕೇಳಿಕೊಂಡೇ ಬೆಳೆದವಳು ಮಂಗಳಗೌರಿ. ಹಟಗಿಟ ಎಲ್ಲ ಎಲ್ಲಿ ಹೋಯಿತೋ, ಚೀಲಕ್ಕೆ ಎರಡು ಸೀರೆ ತುರುಕಿಕೊಂಡು ಹೊರಟೇಬಿಟ್ಟಳು. ಶಾಂತಮಲ್ಲಪ್ಪ ಗೋಡೆ ನೋಡಿಕೊಂಡು "ಓಗಿ ಬಾ" ಎಂದ. ಆ ಮನುಷ್ಯನ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು.

ಗುಂಡ್ಲುಪೇಟೆಯ ಊಟಿ ರಸ್ತೆಯ ಹಿಂದಿನ ಬೀದಿಯಲ್ಲಿ ಅವರ ಬಾಡಿಗೆ ಮನೆ. ಬಾಗಿಲ ಮುಂದೆ ಕೆಂಪು ಕಾಗದದ ನಕ್ಷತ್ರ ತೂಗುತ್ತಿತ್ತು. ಮಗುವನ್ನು ಒಪ್ಪಿಸಿ ಜೋಬಿ ಮೈಸೂರಿನ ಬಸ್ಸು ಹತ್ತಿದ. ಎಸ್ತು ಅಪ್ಪ ಹೋದ ಬಾಗಿಲನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಬಾಯಿ ತೆಗೆದಳು. ಅಬ್ಬಬ್ಬಾ, ಎಂಥ ಅಳು! ಬೀದಿಯ ನಾಯಿಗಳು ಎದ್ದು ನಿಂತವು. ಎತ್ತಿಕೊಂಡರೆ ಬಿಲ್ಲಿನ ಹಾಗೆ ಬಾಗುತ್ತಾಳೆ, ಇಳಿಸಿದರೆ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಾಳೆ, ಹಾಲು ಕೊಟ್ಟರೆ ಲೋಟ ಒದೆಯುತ್ತಾಳೆ.

"ಒಂದ್ ತುತ್ತು ತಿನ್ನು ನನ್ ಕಂದಾ. ನೀ ಉಪಾಸ ಬಿದ್ರೆ ನಿಮ್ಮವ್ವ ಅಲ್ಲಿ ಎದೆ ಒಡ್ಕೊತಾಳೆ ಕಣವ್ವ."

"ಬ್ಯಾಡ! ಅಮ್ಮ ಬೇಕು!"

ಹೀಗೇ ದಿನ ಹೋಗುತ್ತಿತ್ತು. ಮನೆಯಲ್ಲಿ ಕ್ರಿಸ್‌ಮಸ್ಸಿನ ಕೆಲಸ ಅರ್ಧಕ್ಕೆ ನಿಂತಿತ್ತು. ಪ್ಲಾಸ್ಟಿಕ್ ಮರದ ಮೇಲೆ ಹಿಮವೆಂದು ಅಂಟಿಸಿದ ಹತ್ತಿಯನ್ನು ಎಸ್ತು ಕಿತ್ತು ಬಾಯಿಗೆ ಹಾಕಿಕೊಳ್ಳುವಳು, ಇವಳು ಬೆರಳು ತೂರಿಸಿ ತೆಗೆಯುವಳು. ಕಾವ್ಯಶ್ರೀ ಕೇಕಿಗೆಂದು ಭರಣಿಯಲ್ಲಿ ರಮ್ಮು ಹಾಕಿ ನೆನೆಸಿದ್ದ ಒಣದ್ರಾಕ್ಷಿಯ ವಾಸನೆ ನೋಡಿ, "ಥೂ, ಕೊಳ್ತೋಗದೆ" ಎಂದು ಮಂಗಳಗೌರಿ ಚರಂಡಿಗೆ ಸುರಿದಳು. ಪಾಪ, ಅವಳಿಗೇನು ಗೊತ್ತು.

ದಿನಾ ಸಂಜೆ ಜೋಬಿ ಫೋನು ಮಾಡುತ್ತಿದ್ದ. ಡಾಕ್ಟರು ಹೇಳುವುದು ಒಂದೇ ಮಾತು: ಮಗು ಎಷ್ಟು ದಿನ ಹೊಟ್ಟೆಯಲ್ಲೇ ಇದ್ದರೆ ಅಷ್ಟು ಒಳ್ಳೆಯದು, ಹೊಸ ವರ್ಷದ ತನಕ ತಡೆದರೆ ಗೆದ್ದಂತೆ. ಕಾವ್ಯಶ್ರೀ ತಾನು ಮಾತ್ರ ತಾಯಿಯ ಜೊತೆ ಮಾತಾಡುತ್ತಿರಲಿಲ್ಲ. ಹಿಂದಿನಿಂದ ಅವಳ ದನಿ ಕೇಳುತ್ತಿತ್ತು, "ಎಸ್ತು ಊಟ ಮಾಡಿದ್ಳಾ ಕೇಳಿ." ಮಂಗಳಗೌರಿ "ಊಂ, ಮಾಡುದ್ಲು" ಎಂದು ಸುಳ್ಳು ಹೇಳಿ ಫೋನಿಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ಅಳುತ್ತಿದ್ದಳು.

ನಡುಮನೆಯ ಮೂಲೆಯಲ್ಲಿ ಕಾವ್ಯಶ್ರೀ ಕ್ರಿಸ್‌ಮಸ್ಸಿನ ಗೋದಲಿ ಮಾಡಿಟ್ಟಿದ್ದಳು. ಹುಲ್ಲಿನ ಪುಟ್ಟ ಕೊಟ್ಟಿಗೆ; ಅದರೊಳಗೆ ಬೊಂಬೆಯ ಹಸು, ಕುರಿ, ಕೈ ಜೋಡಿಸಿ ಕೂತ ತಾಯಿ, ಕೋಲು ಹಿಡಿದ ತಂದೆ. ಅದರ ಎದುರು ಮಾತ್ರ ಎಸ್ತು ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ಧೂಳು ಒರೆಸಲು ಬಗ್ಗಿದ ಮಂಗಳಗೌರಿಯ ಕೈ ಅಲ್ಲೇ ನಿಂತಿತು. ತಾಯಿತಂದೆಯ ನಡುವೆ ಕೂಸಿನ ಹಾಸಿಗೆ ಇತ್ತು. ಹಾಸಿಗೆಯಲ್ಲಿ ಕೂಸಿರಲಿಲ್ಲ.

"ಪಾಪ ಎಲ್ಲವ್ವ?"

ಎಸ್ತು ಎರಡೂ ಅಂಗೈ ಬಿಚ್ಚಿ ತೋರಿಸಿದಳು. "ಇಲ್ಲ."

ಈ ಹುಡುಗಿಯೇ ಎಲ್ಲೋ ಬಿಸಾಕಿದ್ದಾಳೆ ಎಂದುಕೊಂಡು ಮಂಗಳಗೌರಿ ಹುಡುಕಲು ಶುರುಮಾಡಿದಳು. ಮಂಚದ ಕೆಳಗೆ, ಅಕ್ಕಿ ಡಬ್ಬದಲ್ಲಿ, ಕಸದ ಬುಟ್ಟಿಯಲ್ಲಿ, ಬಚ್ಚಲ ತೂಬಿನಲ್ಲಿ. ಎಲ್ಲೂ ಇಲ್ಲ. ಮಗಳು ಅಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿರುವಾಗ ಮನೆಯಲ್ಲಿ ಕೂಸಿಲ್ಲದ ಹಾಸಿಗೆ! ಜೋಬಿಯನ್ನು ಕೇಳೋಣವೆಂದರೆ, ಆಸ್ಪತ್ರೆಯಲ್ಲಿ ಕೂತವನಿಗೆ ಫೋನು ಮಾಡಿ 'ಕೂಸು ಕಾಣುತ್ತಿಲ್ಲ' ಎನ್ನುವುದು ಹೇಗೆ? ಆ ಮಾತನ್ನು ನಾಲಿಗೆ ಮೇಲೆ ತರುವುದುಂಟೇ? ಬಿಡ್ತು ಅನ್ನಿ.

ಆಗ ಅವಳಿಗೆ ತೋಚಿದ್ದು ಅವಳು ಬದುಕಿಡೀ ಮಾಡಿದ ಕೆಲಸ. ಮಿಕ್ಸಿಯ ಮನೆಯಲ್ಲಿ ಗುಂಡುಕಲ್ಲು ಎಲ್ಲಿಂದ ಬರಬೇಕು? ಚಹಾಕ್ಕೆ ಶುಂಠಿ ಜಜ್ಜುವ ಸಣ್ಣ ಕುಟ್ಟುಗಲ್ಲು ಸಿಕ್ಕಿತು. ತೊಳೆದಳು, ಎಣ್ಣೆ ಸವರಿದಳು, ತನ್ನ ಚೀಲದಲ್ಲಿದ್ದ ವಿಭೂತಿ ಇಟ್ಟಳು, ಮಗುವಿನ ಹಳೇ ಟೋಪಿಯ ತುಂಡು ಸುತ್ತಿದಳು. "ಮಾದಪ್ಪಾ, ಬರೋ ಕೇಡ್ನೆಲ್ಲ ಈ ಕಲ್ಲು ತಿನ್ನಲಿ ಕಣಪ್ಪ" ಎಂದು ಆ ಹುಲ್ಲಿನ ಹಾಸಿಗೆಯಲ್ಲಿ ಮಲಗಿಸಿದಳು.

ಎಸ್ತು ಕಣ್ಣು ಕೀಳದೆ ನೋಡುತ್ತಿದ್ದಳು. ಮೆಲ್ಲಗೆ ಹತ್ತಿರ ಬಂದು, ಒಂದು ಬೆರಳಿನಿಂದ ಮುಟ್ಟಿ, "ಪಾಪ" ಎಂದಳು. ಆ ಮಧ್ಯಾಹ್ನ ಕಲ್ಲಿಗೆ ಒಂದು ತುತ್ತು ತೋರಿಸಿ ತಾನೊಂದು ತುತ್ತು ತಿಂದಳು. ಮತ್ತೊಂದು ತೋರಿಸಿ ಮತ್ತೊಂದು ತಿಂದಳು. ತಟ್ಟೆ ಖಾಲಿಯಾಯಿತು! ಮಂಗಳಗೌರಿಗೆ ಆ ಕಲ್ಲಿನ ಕಾಲಿಗೆ ಬೀಳೋಣವೆನಿಸಿತು, ಕಲ್ಲಿಗೆ ಕಾಲೆಲ್ಲಿ. ಅಲ್ಲಿಂದ ಕಲ್ಲಿಗೆ ಸ್ನಾನ, ಕಲ್ಲಿಗೆ ನಿದ್ದೆ, ಕಲ್ಲಿಗೆ ಲಾಲಿ. ಸಂಜೆ ಫೋನಿನಲ್ಲಿ ಮಂಗಳಗೌರಿ ಮೊದಲ ಸಲ ನಿಜ ಹೇಳಿದಳು.

ಕ್ರಿಸ್‌ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ಜೋಬಿಯ ಫೋನು ಹೊತ್ತಿಗೆ ಮುಂಚೆಯೇ ಬಂತು. "ನೋವು ಶುರುವಾಯ್ತಮ್ಮ. ಇಂಜೆಕ್ಷನ್ ಕೊಟ್ರೂ ನಿಲ್ತಾ ಇಲ್ಲ. ಪ್ರಾರ್ಥನೆ ಮಾಡಿ."

ಮಂಗಳಗೌರಿ ಮಾದಪ್ಪನನ್ನು ಕರೆದಳು, ನಂಜುಂಡೇಶ್ವರನನ್ನು ಕರೆದಳು, ಗೋದಲಿಯ ಎದುರು ಕೂತು ಹೆಸರು ಗೊತ್ತಿಲ್ಲದ ಆ ತಾಯಿ ಬೊಂಬೆಗೂ ಕೈ ಮುಗಿದಳು. ಮಗುವನ್ನು ಆಡಿಸುತ್ತಾಳೆ, ಫೋನು ನೋಡುತ್ತಾಳೆ. ಉಣ್ಣಿಸುತ್ತಾಳೆ, ಫೋನು ನೋಡುತ್ತಾಳೆ.

ದೀಪ ಹಚ್ಚುವ ಹೊತ್ತಿಗೆ ಡೋಲು ಬಡಿಯುತ್ತ ಚರ್ಚಿನ ಹಾಡಿನ ತಂಡ ಬಂತು. ಮುಖವಾಡದ ಕ್ರಿಸ್‌ಮಸ್ ತಾತನನ್ನು ಕಂಡು ಎಸ್ತು ಚೀರಿ, ಓಡಿಬಂದು ಅಜ್ಜಿಯ ಸೆರಗಿನೊಳಗೆ ಹೊಕ್ಕಳು. ಹಾಡು ಮುಗಿದ ಮೇಲೆ ತಂಡದ ಹಿರಿಯ ಹೆಂಗಸು ತ್ರೇಸಿಯಮ್ಮ ಗೋದಲಿಯ ಮುಂದೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡಳು.

"ಇದೇನಮ್ಮಾ, ಕಲ್ಲು ಮಲಗಿಸಿದೀರಾ?"

"ಕೂಸ್ನ ಬೊಂಬೆ ಎಲ್ಲೋ ಕಳ್ದೋಗದೆ ಕಣಮ್ಮ. ಬರಿದು ಬುಡಬಾರ್ದಲ್ಲ ಅಂತ..."

ತ್ರೇಸಿಯಮ್ಮ ನಕ್ಕಳು. ಒಳ್ಳೆಯ ಮನಸ್ಸಿನ ನಗುವೇ. "ಕಳೆದಿಲ್ಲಮ್ಮ, ಕಾವ್ಯ ಬೀರುವಿನಲ್ಲಿ ಎತ್ತಿಟ್ಟಿರ್ತಾಳೆ. ಬಾಲಯೇಸು ಹುಟ್ಟೋದೇ ಇವತ್ತು ರಾತ್ರಿ. ಅಲ್ಲಿವರೆಗೂ ಹಾಸಿಗೆ ಖಾಲಿ ಇರಬೇಕು. ದಿನ ತುಂಬೋಕೆ ಮುಂಚೆ ತಂದು ಮಲಗಿಸೋ ಹಾಗಿಲ್ಲ."

ಅವರು ಮುಂದಿನ ಮನೆಗೆ ಹೋದರು. ಮಂಗಳಗೌರಿ ಗೋದಲಿಯ ಕಡೆ ತಿರುಗಿದಳು. ದಿನ ತುಂಬೋಕೆ ಮುಂಚೆ! ಅಲ್ಲಿ ಡಾಕ್ಟರುಗಳು ಸೂಜಿ ಚುಚ್ಚಿ ಚುಚ್ಚಿ ತಡೆಯುತ್ತಿದ್ದರೆ, ಇಲ್ಲಿ ತಾನು ಹಾಸಿಗೆಯಲ್ಲಿ ಕೂಸನ್ನು ಮಲಗಿಸಿಬಿಟ್ಟಿದ್ದಳು. ತಾನೇ ಕರೆದುಬಿಟ್ಟಿದ್ದಳು. "ಅಯ್ಯೋ ಶಿವನೇ, ನನ್ ಕೈಯಾರ ಮಾಡ್ಬುಟ್ನಲ್ಲಪ್ಪ!" ಎಂದು ಬಾಯಿ ಬಡಿದುಕೊಂಡು ಗೋದಲಿಗೆ ಕೈ ಹಾಕಿದಳು.

ಎಸ್ತು ಕಲ್ಲನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಳು. "ನನ್ನ ಪಾಪ!"

"ಕೊಡಮ್ಮಿ! ಕೊಡು ಅಂದ್ರೆ!"

ಮಗು ಕಚ್ಚಿತು. ಅಜ್ಜಿ ಬೆರಳು ಒಂದೊಂದಾಗಿ ಬಿಡಿಸಿ ಕಲ್ಲನ್ನು ಕಿತ್ತುಕೊಂಡು ಅಡುಗೆಮನೆಯ ಮೇಲಟ್ಟಕ್ಕೆ ಎಸೆದಳು. ಎಸ್ತು ಉಸಿರು ಕಟ್ಟಿ, ಮುಖ ನೀಲಿಯಾಗಿ, ಆಮೇಲೆ ಅತ್ತಳು. ಹಾಗೆ ಆ ಮನೆಯಲ್ಲಿ ಯಾರೂ ಅತ್ತಿರಲಿಲ್ಲ. ಅದರ ನಡುವೆಯೇ ಫೋನು ಬಡಿದುಕೊಂಡಿತು.

"ಆಯ್ತಮ್ಮ. ಗಂಡು ಮಗು."

"ಕೂಸು ಅಳ್ತಾ?"

"ಇಲ್ಲಮ್ಮ, ಅಳಲಿಲ್ಲ. ಎತ್ಕೊಂಡು ಓಡಿದ್ರು. ಗಾಜಿನ ಪೆಟ್ಟಿಗೇಲಿ ಇಟ್ಟು ಬಾಯಿಗೆ ಪೈಪು ಹಾಕಿದಾರೆ. ಈ ರಾತ್ರಿ ಕಳೀಲಿ, ಆಮೇಲೆ ಹೇಳ್ತೀವಿ ಅಂತಾರೆ."

ಯಾರೋ ಫೋನು ತೆಗೆದುಕೊಂಡ ಸದ್ದಾಯಿತು. "ಅವ್ವ" ಎಂದಿತು ಸೋತ ದನಿ. ಎಷ್ಟು ಕಾಲದ ಮೇಲೆ ಕೇಳಿದ ಶಬ್ದ ಅದು! ಮಂಗಳಗೌರಿಗೆ ತಡೆಯಲಾಗಲಿಲ್ಲ. ಹಾಸಿಗೆ, ಕಲ್ಲು, ತ್ರೇಸಿಯಮ್ಮ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ನಾನೇ ಮಾಡ್ಬುಟ್ಟೆ ಕಣವ್ವ, ನಿನ್ನ ಕೂಸ್ನ ನಾನೇ ಮುಂಚೆ ಕರ್ದ್‌ಬುಟ್ಟೆ" ಎಂದು ಗೊಳೋ ಎಂದಳು.

"ಕಲ್ಲು ಈಗೆಲ್ಲದೆ?"

"ತಗ್ದು ಬಿಸಾಕ್ದೆ ಕಣವ್ವ."

"ಯಾಕವ್ವ ತಗುದೆ?" ಕಾವ್ಯಶ್ರೀ ಅಳುತ್ತಿದ್ದಳು. "ಊರ್ನೋರ ಕೂಸ್ಗೆಲ್ಲ ಮಲಗುಸ್ದೆ. ನನ್ ಎಸ್ತುಗೆ ಯಾರೂ ಮಲಗುಸ್ನಿಲ್ಲ. ಇವನ್ಗಾದ್ರೂ ಇರ್ಲಿ. ಮಡುಗವ್ವ, ಈಗ್ಲೇ ಮಡುಗು."

ಮಂಗಳಗೌರಿ ಸ್ಟೂಲು ಹತ್ತಿ, ಡಬ್ಬಗಳನ್ನೆಲ್ಲ ಉರುಳಿಸಿ ಕಲ್ಲನ್ನು ತೆಗೆದಳು. ಗೋದಲಿಯ ಎದುರು ಬಂದವಳಿಗೆ ಕೈ ಮುಂದೆ ಹೋಗಲಿಲ್ಲ. ಈ ಕೈಯೇ ಅಲ್ಲವೇ ಕಿತ್ತೆಸೆದದ್ದು, ಈ ಕೈಯೇ ಅಲ್ಲವೇ ಮಗಳ ಬಾಣಂತನಕ್ಕೆ ಒಂದು ತಂಬಿಗೆ ನೀರು ಹುಯ್ಯದೆ ಹೋದದ್ದು. ಊರು ಏನೇ ಹೇಳಲಿ, ತನ್ನ ಕೈಗುಣದ ಮೇಲೆ ಅವಳಿಗೇ ನಂಬಿಕೆ ಹೋಗಿತ್ತು. ಗೋಡೆಯ ಕಡೆ ಮುಖ ಮಾಡಿ ಬಿಕ್ಕುತ್ತಿದ್ದ ಎಸ್ತುವಿನ ಮುಂದೆ ಮಂಡಿಯೂರಿದಳು.

"ನನ್ ಕೈ ಆಗ್ಬರದಿಲ್ಲ ಕಣವ್ವ. ನೀ ಮಲಗ್ಸು."

ಎಸ್ತು ಕಲ್ಲನ್ನು ತಳ್ಳಿದಳು.

"ನಿನ್ ದಮ್ಮಯ್ಯ, ಕಂದಾ. ನಿನ್ ತಮ್ಮ ಕಣವ್ವ. ಅಜ್ಜಿ ತಪ್ ಮಾಡ್ಬುಟ್ಲು. ಬೇಕಾದ್ರೆ ನನ್ನ ಹೊಡಿ, ಇನ್ನೊಂದ್ಸಲ ಕಚ್ಚು, ಆದ್ರೆ ಮಲಗ್ಸವ್ವ." ಎರಡು ವರ್ಷದ ಮಗುವಿನ ಕಾಲು ಹಿಡಿದುಕೊಂಡು ಅಜ್ಜಿ ಬೇಡುತ್ತಿದ್ದಳು. ಎಸ್ತು ತಿರುಗಿ ನೋಡಿದಳು. ಅಜ್ಜಿಯ ಕೆನ್ನೆಯ ನೀರನ್ನು ಮುಟ್ಟಿ, ತನ್ನ ಬೆರಳನ್ನು ನೋಡಿಕೊಂಡಳು. ಆಮೇಲೆ ಕಲ್ಲನ್ನು ಎತ್ತಿಕೊಂಡು ಹೋಗಿ ಹುಲ್ಲಿನ ಮೇಲಿಟ್ಟು, ಟೋಪಿ ಎಳೆದು ಸರಿಮಾಡಿ, ತಟ್ಟತೊಡಗಿದಳು. ತಟ್ಟುತ್ತ ತಟ್ಟುತ್ತ ಅಲ್ಲೇ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋದಳು.

ನಡುರಾತ್ರಿ ಚರ್ಚಿನ ಗಂಟೆ ಹೊಡೆದಾಗ ಮಂಗಳಗೌರಿ ಬೀರುವಿನಿಂದ ಬಾಲಯೇಸುವಿನ ಬೊಂಬೆ ತೆಗೆದು ಕಲ್ಲಿನ ಪಕ್ಕದಲ್ಲಿ ಮಲಗಿಸಿದಳು. ಆ ದೇವರಿಗೆ ಏನು ಹೇಳಬೇಕೋ ಗೊತ್ತಿರಲಿಲ್ಲ. ತೊಟ್ಟಿಲಿನ ಹತ್ತಿರ ಹೇಳುವುದನ್ನೇ ಹೇಳಿದಳು: ಕಲ್ಲಿನಷ್ಟು ಗಟ್ಟಿಯಾಗಪ್ಪ. ಆಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಫೋನನ್ನು ಎದುರಿಗಿಟ್ಟುಕೊಂಡು ಕೂತಳು.

ಬೆಳಕು ಹರಿಯುವಾಗ ಫೋನು ಹೊಡೆದುಕೊಂಡಿತು. ಎತ್ತಲು ಧೈರ್ಯ ಸಾಲಲಿಲ್ಲ. ನಿಂತುಹೋಯಿತು, ಮತ್ತೆ ಹೊಡೆದುಕೊಂಡಿತು. ಎತ್ತಿ ಕಿವಿಗಿಟ್ಟುಕೊಂಡಳು. ಯಾವುದೋ ಯಂತ್ರದ ಕೀಂಕೀಂ, ಫೋನು ಹೊರಗಿಡಿ ಎಂದು ಬೈಯುವ ನರ್ಸಮ್ಮನ ದನಿ, ಅದರ ನಡುವೆ ಒಂದು ಎಳೆಯ, ಸಿಟ್ಟಿನ, ನಿಲ್ಲಿಸದ ಅಳು.

"ಪೈಪು ತಗುದ್ರು ಕಣವ್ವ" ಎಂದಳು ಕಾವ್ಯಶ್ರೀ. "ಆಗಿಂದ ಒಂದೇ ಸಮ್ನೆ ಅಳ್ತಾವ್ನೆ."

ಮಂಗಳಗೌರಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಳ್ಲಿ ಬುಡವ್ವ" ಎಂದಳು. "ಅಳ್ಲಿ. ಚೆನ್ನಾಗಿ ಅಳ್ಲಿ."