ದುಂಬುದ ಗೆರೆ

ಹೊಸ ಟೈಮಿಂಗ್ ಬೆಲ್ಟಿನ ಪೊಟ್ಟಣ ಒಡೆದರೆ ಒಂದು ವಾಸನೆ ಬರುತ್ತದೆ. ಹಸಿ ರಬ್ಬರಿನದ್ದು, ಅದರ ಮೇಲೆ ಉದುರಿಸಿದ ಬಿಳಿ ಹುಡಿಯದ್ದು. ಹೊಸ ಚಪ್ಪಲಿಯನ್ನು ಪೌಡರ್ ಡಬ್ಬದಲ್ಲಿಟ್ಟು ಮುಚ್ಚಿದ ಹಾಗೆ. ನಾನು ಮೂಡುಬಿದಿರೆ ಪೇಟೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೂರುವವನು. ಬ್ರೇಕ್ ಶೂ ಕೇಳಿದವರಿಗೆ ವೈಪರ್ ಕೊಟ್ಟು ಕಳಿಸುವಷ್ಟು ಪಳಗಿದ್ದೇನೆ. ಒಮ್ಮೆ ಲಾರಿಯವನಿಗೆ ಸ್ಕೂಟರಿನ ಕನ್ನಡಿ ಕೊಟ್ಟೆ. ಅವನು ಅದರಲ್ಲಿ ನೋಡಿ ತಲೆ ಬಾಚಿಕೊಂಡು, ಕನ್ನಡಿಯನ್ನು ನನ್ನ ಕೈಗೇ ಕೊಟ್ಟು ಹೋದ. ಆದರೆ ಬೆಲ್ಟಿನ ಪೊಟ್ಟಣ ಒಡೆದಾಗ ಮಾತ್ರ ನನಗೆ ತಮಾಷೆ ಹುಟ್ಟುವುದಿಲ್ಲ. ಪುಂಜಾಲಕಟ್ಟೆಯ ಹತ್ತಿರ ರಸ್ತೆಗೆ ತಾಗಿಕೊಂಡೇ ಇದ್ದ ನಮ್ಮ ಮನೆಯ ಅಂಗಳ ಕಣ್ಣಿಗೆ ಬರುತ್ತದೆ. ಅಪ್ಪನದ್ದು, ದೊಡ್ಡಪ್ಪನದ್ದು ಎರಡು ಸಂಸಾರ, ಒಂದೇ ಒಲೆ, ಎಲ್ಲರ ಮೇಲೆ ಒಬ್ಬರು ಅಜ್ಜಿ, ಶೀಟಿನ ಚಪ್ಪರದಡಿ ಒಂದು ಬಿಳಿ ಡೀಸೆಲ್ ಕಾರು. ಹಾಗೆ ಒಟ್ಟಿಗೆ ಉಂಡ ಮನೆಯೊಂದು ನಿಮಗೂ ಇದ್ದಿದ್ದರೆ, ಅದು ಒಡೆದದ್ದು ಯಾವ ದಿನ ಎಂದು ನಿಮಗೂ ಸರಿಯಾಗಿ ಹೇಳಲಿಕ್ಕೆ ಆಗಲಿಕ್ಕಿಲ್ಲ. ನನಗೆ ಆಗುತ್ತದೆ. ನಮ್ಮದು ಸದ್ದು ಮಾಡಿ ಒಡೆಯಿತು.

ಕಾರನ್ನು ಬಾಡಿಗೆಗೆ ಓಡಿಸುವವರು ಅಪ್ಪ, ರಿಪೇರಿ ಮಾಡುವವರು ದೊಡ್ಡಪ್ಪ. ಇಂಜಿನ್ ಬಿಚ್ಚಿ ಮತ್ತೆ ಕೂಡಿಸುವಾಗ ಮಾತ್ರ ಇಬ್ಬರೂ ಬೇಕು. ಕೆಳಗೆ ಪಿಸ್ಟನ್ ಆಡಿಸುವ ಕ್ರ್ಯಾಂಕು, ಮೇಲೆ ವಾಲ್ವು ತೆರೆಯುವ ಕ್ಯಾಮು, ಎರಡನ್ನೂ ಕಟ್ಟಿಹಾಕುವುದು ಒಂದೇ ಬೆಲ್ಟು. ಕೆಳಗಿನ ಪುಲ್ಲಿಯ ಗೆರೆ ಮತ್ತು ಮೇಲಿನ ಪುಲ್ಲಿಯ ಗೆರೆ ಎರಡೂ ತಮ್ಮತಮ್ಮ ಜಾಗಕ್ಕೆ ಬಂದು ನಿಂತ ಮೇಲೆಯೇ ಬೆಲ್ಟು ಏರಿಸಬೇಕು. ತಪ್ಪಿದರೆ ಮೇಲೆ ಬರುವ ಪಿಸ್ಟನ್ನು, ಕೆಳಗಿಳಿಯುವ ವಾಲ್ವು ಒಂದಕ್ಕೊಂದು ಹೊಡೆದುಕೊಳ್ಳುತ್ತವೆ. ಹಾಗಾಗಿ ಅಪ್ಪ ಗೋಣಿ ಹಾಸಿ ಕಾರಿನ ಅಡಿಯಲ್ಲಿ ಮಲಗಿ ಸ್ಪ್ಯಾನರಿನಿಂದ ಕ್ರ್ಯಾಂಕು ತಿರುಗಿಸುವುದು, ದೊಡ್ಡಪ್ಪ ಬಾನೆಟ್ಟಿನೊಳಗೆ ಬಗ್ಗಿ, ಕಂಡಕ್ಟರು ಬಸ್ಸನ್ನು ರಿವರ್ಸ್ ತೆಗೆಸುವ ಹಾಗೆ, "ಬಾ, ಬಾ, ಇನ್ನೊಂಚೂರು ಬಾ, ಹೋಲ್ಡ್!" ಎನ್ನುವುದು. "ಕ್ಯಾಮ್ ಬಂತಾ ಅಣ್ಣ?" ಎಂದು ಅಪ್ಪ ಅಡಿಯಿಂದ ಕೇಳಿದರೆ "ಬಂತು ಮಾರಾಯ, ಬಂತು" ಎಂದು ಮೇಲಿಂದ ಉತ್ತರ. ಇದನ್ನು ಮೊದಲ ಸಲ ಕೇಳಿದ ನಾನು, ಕ್ಯಾಮ್ ಎಂಬ ನೆಂಟರು ಬಂದರೆಂದು ತಿಳಿದು ಅಡುಗೆಮನೆಗೆ ಓಡಿ ಒಂದು ಗ್ಲಾಸ್ ಚಾ ಹೆಚ್ಚು ಇಡಲು ಹೇಳಿದ್ದೆ. ಚಾ ಬಂದೇ ಬಂತು. ಆ ಹೆಚ್ಚಿನ ಗ್ಲಾಸನ್ನು ಇಂಜಿನ್ನಿನ ಎದುರು ಇಟ್ಟು "ಕುಡೀರಿ ಕ್ಯಾಮಣ್ಣ" ಎಂದು ದೊಡ್ಡಪ್ಪ ಉಪಚಾರ ಮಾಡಿದರು. ಅಪ್ಪ ಅಡಿಯಲ್ಲೇ ಹೊರಳಿ ನಕ್ಕು ತಲೆಯನ್ನು ಸೈಲೆನ್ಸರಿಗೆ ಬಡಿದುಕೊಂಡರು.

ಆಮೇಲೆ ಅಪ್ಪ ಕೆಲವು ವರ್ಷ ಗಲ್ಫಿಗೆ ಹೋದರು. ಆ ಮಧ್ಯೆ ಕೆಳಗಿನ ಪುಲ್ಲಿ ಸವೆದು, ದೊಡ್ಡಪ್ಪ ಗುಜರಿಯಿಂದ ಬೇರೆ ಕಾರಿನದ್ದನ್ನು ತಂದು ಹಾಕಿದರು. ಅದರ ಎದುರು ಮುಖದಲ್ಲಿ ಕಂಪೆನಿಯವರು ಹೊಡೆದಿದ್ದ ಗೆರೆ ನಮ್ಮ ಇಂಜಿನ್ನಿಗೆ ಕೂಡುತ್ತಿರಲಿಲ್ಲ. ಹಾಗಾಗಿ ಅವರು ಅಂಚಿನಲ್ಲಿ ಉಳಿಯಿಂದ ತಮ್ಮದೇ ಒಂದು ಗೆರೆ ಹೊಡೆದುಕೊಂಡರು. ಊರಿಗೆ ಬಂದ ಅಪ್ಪನಿಗೆ ಇದು ಗೊತ್ತಿರಲಿಲ್ಲ. ಅವರು ನೋಡಿದ್ದು ಕಾರಿನ ಹಿಂದಿನ ಗ್ಲಾಸನ್ನು. ಅಲ್ಲಿ ದೊಡ್ಡಪ್ಪನ ಮಗಳು ಸ್ವಾತಿಯ ಹೆಸರೊಂದೇ ಇತ್ತು. ಮರುವಾರವೇ ಅದರ ಮೇಲೆ, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ, ಉರಿಯುವ ಬೆಂಕಿಯ ಚಿತ್ರದೊಂದಿಗೆ ನನ್ನ ಹೆಸರು ಬಂತು: ನಿತೇಶ್. ನನಗೆ ಆಗ ಮೂಗು ಒರೆಸಿಕೊಳ್ಳಲಿಕ್ಕೂ ಸರಿಯಾಗಿ ಬರುತ್ತಿರಲಿಲ್ಲ, ಬೆಂಕಿ ಬೇರೆ. ಯಾರೋ ಬ್ಲೇಡಿನಿಂದ ಬೆಂಕಿಯನ್ನು ಕೆರೆದರು. ಯಾರೋ ಸ್ವಾತಿಯ 'ಸ್ವಾ'ವನ್ನು ಕೆರೆದರು. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ನಾನು ಏನನ್ನೂ ಮಾಡದೆ, ಬರೀ ಹೆಸರಿಟ್ಟುಕೊಂಡು ಮನೆ ಹಾಳು ಮಾಡಿದವನು.

ಅಂದಿನಿಂದ ಎಲ್ಲ ಮಾತೂ ಅಜ್ಜಿಯ ಮೂಲಕ. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತು "ಅಮ್ಮ, ಅವನತ್ರ ಹೇಳು, ಪಂಪು ಬಂದ್ ಮಾಡ್ಲಿಕ್ಕೆ" ಎಂದು ಒಬ್ಬರು. "ಬಂದ್ ಮಾಡಿ ಆಗಿದೆ ಅಂತ ಹೇಳು" ಎಂದು ಇನ್ನೊಬ್ಬರು. ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೂ ಅಜ್ಜಿ ಹೇಳಿದ ಮೇಲೆಯೇ ಕೇಳಿದ ಲೆಕ್ಕ. ಹೀಗಿರುವಾಗ ಕಕ್ಕಿಂಜೆ ದಾಟಿ ಘಾಟಿಯ ಏರಿನಲ್ಲಿ ಕಾರು ಬಿಸಿಯಾಗಿ ಇಂಜಿನ್ ಕೆಟ್ಟಿತು. ಎಲ್ಲರೂ ತಲೆಗೆ ಕೈಯಿಟ್ಟರೆ ಅಜ್ಜಿ ಮಾತ್ರ ಖುಷಿಯಲ್ಲಿ ಅಕ್ಕಿಯ ಪುಂಡಿ ಕಡುಬು ಬೇಯಿಸಿದರು. "ಟೈಮಿಂಗಿಗೆ ಕೂತ್ರೆ ಇಬ್ಬರೂ ಬಾಯಿ ಬಿಡ್ಲೇಬೇಕಲ್ಲ? ನೋಡ್ತಾ ಇರು ನೀನು" ಎಂದು ನನಗೆ ಕಣ್ಣು ಹೊಡೆದರು. ಆ ಇಂಜಿನ್ನಿನ ಮೇಲೆ ಅವರಿಗೆ ಯಾವ ದೈವದ ಮೇಲೂ ಇಲ್ಲದ ನಂಬಿಕೆ.

ಇಂಜಿನ್ ಕೂಡಿಸುವ ದಿನ ಅಜ್ಜಿ ಕಾರಿನ ಪಕ್ಕವೇ ಸ್ಟೂಲು ಹಾಕಿ ಕೂತರು. ಅಪ್ಪ ಅಡಿಯಲ್ಲಿ, ದೊಡ್ಡಪ್ಪ ಮೇಲೆ. ನಡುವೆ ಒಂದು ಮೊಳ ಗಾಳಿ, ಅದರಲ್ಲಿ ಒಂದೂ ಮಾತಿಲ್ಲ. ಅಜ್ಜಿ ಕಾದರು, ಕೆಮ್ಮಿದರು, ಎಲೆಯಡಿಕೆ ಹಾಕಿದರು. ಕೊನೆಗೆ ದೊಡ್ಡಪ್ಪ "ಅಮ್ಮ..." ಎಂದಾಗ ಅಜ್ಜಿಯ ಮುಖ ಇಳಿದುಹೋಯಿತು. ನಮ್ಮ ಮನೆಯ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡ ಮಾಡಿದ್ದೇನೆ. ಒಂದು ಪದವನ್ನು ಮಾತ್ರ ಇದ್ದ ಹಾಗೇ ಬಿಡುತ್ತೇನೆ.

"ಅಮ್ಮ, ಅವನತ್ರ ಹೇಳು, ದುಂಬುದ ಗೆರೆಗೆ ನಿಲ್ಲಿಸ್ಲಿಕ್ಕೆ."

"ಮಗಾ, ದುಂಬುದ ಗೆರೆಗೆ ನಿಲ್ಲಿಸ್ಬೇಕಂತೆ" ಎಂದು ಅಜ್ಜಿ ಬಗ್ಗಿ ಹೇಳಿದರು.

"ನಿಲ್ಲಿಸಿ ಆಯ್ತು ಅಂತ ಹೇಳು."

ತುಳುವಿನಲ್ಲಿ ದುಂಬು ಎಂದರೆ ಮೊದಲು; ದುಂಬು ಎಂದರೆ ಎದುರು ಕೂಡ. ದೊಡ್ಡಪ್ಪ ಹೇಳಿದ್ದು ತಾವು ಮೊದಲು ಉಳಿಯಿಂದ ಹೊಡೆದಿದ್ದ ಗೆರೆ. ಅಪ್ಪನಿಗೆ ಕೇಳಿಸಿದ್ದು ಎದುರು ಮುಖದ ಗೆರೆ, ಕಂಪೆನಿಯದ್ದು. ಹಿಂದಿನ ಕಾಲವಾಗಿದ್ದರೆ "ಯಾವುದಣ್ಣ, ಇದಾ?" ಎಂದು ಕೇಳುತ್ತಿದ್ದರು, ಮುಗಿಯುತ್ತಿತ್ತು. ಅಜ್ಜಿಗೆ ಕಾರಿನಲ್ಲಿ ಗೊತ್ತಿದ್ದದ್ದು ಹಾರನ್ನು ಮಾತ್ರ.

ಬೆಲ್ಟು ಏರಿತು. "ಸ್ಟಾರ್ಟ್ ಮಾಡುವ ಮೊದಲು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡ್ಲಿಕ್ಕೆ ಹೇಳು" ಎಂದರು ದೊಡ್ಡಪ್ಪ. ಅಷ್ಟು ಮಾಡಿದ್ದರೂ ಪಿಸ್ಟನ್ನು ವಾಲ್ವಿಗೆ ತಾಗಿ ತಡೆದು ನಿಲ್ಲುತ್ತಿತ್ತು, ತಪ್ಪು ಗೊತ್ತಾಗುತ್ತಿತ್ತು. ಆದರೆ ಅಪ್ಪ ಅಡಿಯಿಂದ ಎದ್ದು ಬಂದು, "ನನ್ನ ಕೆಲಸ ಪರೀಕ್ಷೆ ಮಾಡ್ಲಿಕ್ಕೆ ಅವ ಯಾರು ಅಂತ ಕೇಳು" ಎಂದು ಸೀದಾ ಸೀಟಿಗೆ ಹೋಗಿ ಕೀಲಿ ತಿರುಗಿಸಿದರು. ಅನ್ನದ ತುತ್ತಿನಲ್ಲಿ ಕಲ್ಲು ಕಚ್ಚಿದಂಥ ಸದ್ದು. ಒಂದೇ ಸಲ. ವಾಲ್ವುಗಳೆಲ್ಲ ಬಗ್ಗಿಹೋಗಿದ್ದವು.

"ಬೇಕಂತಲೇ ಮಾಡಿದ್ದಾ ಅಂತ ಕೇಳು ಅವನತ್ರ" ಎಂದರು ದೊಡ್ಡಪ್ಪ.

"ಅವ ಹೇಳಿದ ಗೆರೆಗೇ ಇಟ್ಟದ್ದು. ಬೇಕಂತಲೇ ತಪ್ಪು ಹೇಳಿದ್ದು ಅವ."

ಅಜ್ಜಿ ಯಾರಿಗೂ ಏನನ್ನೂ ದಾಟಿಸಲಿಲ್ಲ. ಒಮ್ಮೆ ಈಚೆ, ಒಮ್ಮೆ ಆಚೆ ನೋಡಿ, "ನಾನು ಹೇಳಿದ್ದು ತಪ್ಪಾಯ್ತಾ ಮಗಾ?" ಎಂದರು. ಇಬ್ಬರೂ ಕೈ ಒರೆಸಿಕೊಳ್ಳುತ್ತಿದ್ದರು.

ಕಾರು ಗುಜರಿಗೆ ಹೋಯಿತು. ಅಂಗಳದ ನಡುವೆ ಕೆಂಪುಕಲ್ಲಿನ ಗೋಡೆ ಎದ್ದಿತು, ಒಲೆ ಎರಡಾಯಿತು. ಅಜ್ಜಿಗೆ ಕಿವಿ ಕೇಳದಾಯಿತು. ಪ್ರಾಯ ಆಯಿತಲ್ಲ ಎಂದರು ಎಲ್ಲರೂ. ಗೋಡೆಯ ಎರಡೂ ಕಡೆಯಿಂದ ಅವರಿಗೆ ಕಿರುಚಿ ಹೇಳುತ್ತಿದ್ದರು; ಬಂಟ್ವಾಳದಿಂದ ಕಿವಿಗೆ ಮೆಷಿನ್ನೂ ತಂದರು. ಅಜ್ಜಿ ಅದನ್ನು ಎಲೆಯಡಿಕೆಯ ಡಬ್ಬದಲ್ಲಿಟ್ಟರು. ಒಂದು ದಿನ ನಾನು ಅವರ ಬೆನ್ನ ಹಿಂದೆ ಕೂತು, ಹೊಸ ಕನ್ನಡ ಮೇಷ್ಟ್ರು ಸೀಮೆಸುಣ್ಣದ ತುಂಡಿನಲ್ಲಿ ಬೆನ್ನು ಕೆರೆದುಕೊಳ್ಳುವ ಸುದ್ದಿಯನ್ನು ನನಗೆ ನಾನೇ ಪಿಸುಗುಟ್ಟಿಕೊಂಡೆ. ಅಜ್ಜಿಯ ಭುಜ ನಗುವಿನಲ್ಲಿ ಕುಲುಕಿತು. "ಅಜ್ಜಿ, ನಿಮಗೆ ಕೇಳ್ತದೆ!" ಎಂದೆ. ಅವರು ನನ್ನ ಬಾಯಿಗೆ ಕೈ ಮುಚ್ಚಿದರು. "ಯಾರತ್ರವೂ ಹೇಳ್ಬೇಡ ಮಗಾ. ಕೇಳ್ತದೆ ಅಂತಾದ್ರೆ ಪುನಃ ಹೇಳ್ಬೇಕಾಗ್ತದೆ."

ನಾನು ಹೇಳಲಿಲ್ಲ. ಜೀವನದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಅಜ್ಜಿ ಕಿವುಡಿಯಾಗಿಯೇ ತೀರಿಕೊಂಡರು.

ಮೊನ್ನೆ ದೊಡ್ಡಪ್ಪ ಅಂಗಡಿಗೆ ಬಂದಿದ್ದರು. ಬೆಲ್ಟಿನ ಪೊಟ್ಟಣ ನನ್ನ ಕೈಯಲ್ಲೇ ಇತ್ತು. ಪತ್ತೇದಾರನ ಗತ್ತಿನಲ್ಲಿ ನಾನು ದುಂಬುವಿನ ಎರಡು ಅರ್ಥ ಬಿಡಿಸಿ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಬೆರಗಾಗಲೂ ಇಲ್ಲ. "ಆವತ್ತು ಸಂಜೆ ಪುಲ್ಲಿ ನೋಡಿದಾಗಲೇ ಗೊತ್ತಾಯ್ತು ಮಾರಾಯ. ಹೇಳ್ಬೇಕಾದ್ರೆ ನಿನ್ನಪ್ಪನತ್ರ ಮಾತಾಡ್ಬೇಕಿತ್ತಲ್ಲ" ಎಂದರು. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತಿದ್ದರು. "ಗೊತ್ತುಂಟು. ಅಂಚಿನ ಗೆರೆ ಆಮೇಲೆ ಕಂಡಿತು ನಂಗೆ" ಎಂದರು.

"ತಪ್ಪು ನಿಮ್ಮದಲ್ಲ ಅಂತ ಅಜ್ಜಿಯತ್ರ ಯಾಕೆ ಹೇಳ್ಲಿಲ್ಲ ಅಪ್ಪ?"

ಅಪ್ಪ ಅನ್ನ ಕಲಸುತ್ತಲೇ ಇದ್ದರು. "ಅಣ್ಣ ಹೇಳಿರಬಹುದು ಅಂತ ಎಣಿಸಿದ್ದೆ" ಎಂದರು.