ಖರೀದಿ ಬಂದೈತಿ ಅಂತ ಹೋದ ಮೆಸೇಜು

ಗ್ರೂಪ್ ಮೆಸೇಜಿನ ಧಂದೆ ಬಗ್ಗೆ ಯಾರರ ಹೊಗಳಿ ಬರದದ್ದ ಕಂಡ್ರ ನನಗ ಪೂರಾ ಓದಾಕ ಆಗೂದಿಲ್ಲ. ಮೊನ್ನೆ ಒಬ್ಬಾವ ಇಲ್ಲೇ ಬರದಿದ್ದ, ಒಂದ ಬಟನ್ ಒತ್ತಿದ್ರ ಸಾವಿರ ಗಿರಾಕಿಗೆ ಮುಟ್ಟಬಹುದು ಅಂತ. ಮುಟ್ಟಬಹುದ್ರಿ, ಇಲ್ಲ ಅನ್ನಂಗಿಲ್ಲ. ನಾ ಮುಟ್ಟೇನಿ. ಮುಟ್ಟಿದ ಮ್ಯಾಲೆ ಏನಾತು ಅಂತ ಹೇಳತೇನಿ, ಲೈಕ್ ಹಾಕೂದು ಬಿಡೂದು ನಿಮಗ ಬಿಟ್ಟದ್ದು.

ತೊಂಬತ್ತರ ಆಜೂಬಾಜು ಧಾರವಾಡದ ಮಾಳಮಡ್ಡ್ಯಾಗ ನಂದೊಂದು ಎಸ್‌ಟಿಡಿ ಬೂತ್ ಇತ್ತು. ಹಳದಿ ಬೋರ್ಡು, ಒಳಗ ಒಬ್ಬರು ನಿಂದರೂವಷ್ಟ ಗಾಜಿನ ಡಬ್ಬಿ. ಆ ಡಬ್ಬಿ ಮುಂದ ಮಂದಿ ಪಾಳಿ ಹಚ್ಚತಿದ್ರು. ಒಳಗಿದ್ದಾವ್ರು ಮಗಳಿಗೆ ವರಾ ನೋಡಿದ ಸುದ್ದಿ ಒದರಿ ಹೇಳತಿದ್ರ ಹೊರಗಿನವ್ರು ಹುಡುಗಂದು ಸಂಬಳ ಎಷ್ಟಂತ ಅಂತ ನನ್ನ ಕೇಳತಿದ್ರು. ಆಮ್ಯಾಲೆ ಎಲ್ಲಾರ ಕಿಸೆದಾಗೂ ಮೊಬೈಲ್ ಬಂದ್ವು. ಡಬ್ಬ್ಯಾಗ ನಾ ಕಸಬರಗಿ ಇಡಾಕ ಸುರು ಮಾಡಿದ್ನಿ.

ಅರ್ಧಾ ಅಂಗಡಿ ನನ್ನ ದೋಸ್ತಗ ಕೊಟ್ಟೆ. ಸಾಲಿ ಕಾಲದ ದೋಸ್ತ. ಮದಲ ಗಡಿಯಾರ ರಿಪೇರಿ ಮಾಡತಿದ್ದ, ಗಡಿಯಾರ ಕಟ್ಟೂದು ಮಂದಿ ಬಿಟ್ಟ ಮ್ಯಾಲೆ ಅದ ಚಿಮಟಾ, ಅದ ಕಣ್ಣಿಗೆ ಹಚ್ಚೂ ಭೂತಗನ್ನಡಿ ಹಿಡಕೊಂಡು ಮೊಬೈಲ್ ರಿಪೇರಿಗೆ ಬಂದ. ಅವರಪ್ಪ ಅಮರಗೋಳದ ಮಾರ್ಕೆಟ್ ಯಾರ್ಡಿನಾಗ ಚೀಲದ ಬಾಯಿ ಹೊಲಿಯಾವ್ರು. ತೂಕ ಆಗಿ ಬಂದ ಉಳ್ಳಾಗಡ್ಡಿ ಚೀಲಕ್ಕ ದಬ್ಬಣ ಹಾಕಿ, ಸುತಳಿ ಎಳದು, ನಾಲ್ಕ ಹೊಲಿಗ್ಯಾಗ ಮುಗಸತಿದ್ರು. ಮೂವತ್ತ ವರ್ಷದಿಂದ ಅದ ಕೆಲಸ. ದೋಸ್ತ ಅವರಿಗೆ ಅಬ್ಬಾ ಅಂತಿದ್ದ, ನಾ ಚಾಚಾ ಅಂತಿದ್ದೆ.

ಗ್ರೂಪ್ ಮೆಸೇಜಿನ ಹುಳಾ ತಲ್ಯಾಗ ಬಿಟ್ಕೊಂಡಾವ ನಾನ. ಹುಬ್ಬಳ್ಳ್ಯಾಗ ಒಬ್ಬಾವ ಮೆಸೇಜ್ ಸಗಟು ಮಾರತಿದ್ದ. ಅವನ ಕಡಿಂದ ತಗೊಂಡು, ಕಂಪ್ಯೂಟರಿನಾಗ ನಂಬರಿನ ಪಟ್ಟಿ ಹಾಕಿ, ಗಿರಾಕಿ ಹೇಳಿದ್ದ ಟೈಪ್ ಮಾಡಿ ಒತ್ತಿಬಿಡೂದು. ಖರೇ ಹೇಳಬೇಕಂದ್ರ ಭಾಳ ಉಪಯೋಗದ್ದಿತ್ತು. ಟ್ಯೂಶನ್ ಮಾಸ್ತರು ಇವತ್ತ ಯಾರ್ ಯಾರು ಚಕ್ಕರ್ ಹೊಡದಾರ ಅಂತ ಮನಿಮನಿಗೆ ತಿಳಸತಿದ್ರು. ಸೀರಿ ಅಂಗಡಿಯವ್ರು ಹೊಸಾ ಮಾಲಿನ ಸುದ್ದಿ ಕಳಸತಿದ್ರು. ನಮ್ಮ ಓಣ್ಯಾಗ ಒಬ್ಬ ಅಜ್ಜಾರು ಮುಂಜಾನೆ ತೀರಿಕೊಂಡ್ರು. ಅವರ ಮಗಾ ಅಳಕೋತ ಡೈರಿ ಹಿಡಕೊಂಡು ಬಂದ, ನಾವಿಬ್ರೂ ಕುಂತು ನಂಬರ್ ಹಾಕಿ ಕಳಿಸಿದ್ವಿ. ಮಣ್ಣಿಗೆ ಗದಗ, ಬೆಳಗಾವಿ ಕಡಿಂದೆಲ್ಲಾ ಮಂದಿ ಬಂದು ಮುಟ್ಟಿದ್ರು. ಅವತ್ತ ದೋಸ್ತ ಅಂದ, "ಇದು ಪುಣ್ಯಾದ ಕೆಲಸ ಐತಲೇ." ನನಗ ಪುಣ್ಯಾ ಕಾಣಲಿಲ್ಲ, ಮುಂದಿನ ಗಿರಾಕಿ ಕಂಡ.

ಅಮರಗೋಳದ ವಿಚಾರ ತಂದಾವ ದೋಸ್ತ. ಊರೂರಿಂದ ರೈತರು ಗಾಡಿ ತುಂಬಕೊಂಡು ಬರತಾರ, ಇಲ್ಲಿ ದರಾ ಏನೈತಿ, ಪ್ಯಾಟಿ ಚಾಲೂ ಐತೋ ಇಲ್ಲೋ ಬಂದ ಮ್ಯಾಲ ತಿಳೀತೈತಿ. ಅವರಿಗೆ ಹಿಂದಿನ ದಿನಾನ ಮೆಸೇಜ್ ಹೋದ್ರ ಹೆಂಗ? ಬಾಯಿ ಮಾತಿಗೆ ಛಲೋ ಇತ್ತು. ಆದ್ರ ರೈತರ ನಂಬರ್ ತರಾವ್ರ ಯಾರು? ಹೋಗಿ ಕೇಳಿದ್ರ ಯಾಕ ಬೇಕು, ಯಾ ಕಂಪನಿ, ನಾಳೆ ರೊಕ್ಕ ಏನರ ಕಟ್ ಆಕ್ಕೇತೇನು ಅಂತ ನೂರಾಎಂಟು ಕೇಳತಿದ್ರು. ನಾ ಒಂದಿನ ಹೋಗಿ ನಾಲ್ಕ ನಂಬರ್ ತಂದೆ, ಅದರಾಗ ಎರಡು ಸುಳ್ಳು.

ಆಮ್ಯಾಲೆ ದೋಸ್ತ ಹೋದ. ಮೂರು ತಿಂಗಳು, ವಾರಕ್ಕ ಮೂರ ದಿನ, ಅವರಪ್ಪನ ಬಾಜೂ ಖಾಲಿ ಚೀಲದ ಮ್ಯಾಲೆ ಒಂದು ವಹಿ ಹಿಡಕೊಂಡು ಕುಂತ. ರೈತರು ಅನುಮಾನ ಮಾಡಿದ್ರ ಚಾಚಾ ಹೊಲಿಗಿ ನಿಂದ್ರಸಿ, ತಲಿ ಎತ್ತಿ, "ಕೊಡ್ರಿ, ನನ್ನ ಮಗಾ ಅದಾನ" ಅಂತಿದ್ರು. ಅಷ್ಟ. ಕೊಡತಿದ್ರು. ವಹಿ ತುಂಬಿತು. ಆ ವಹಿಯಾಗಿನ ಒಂದೊಂದ ನಂಬರೂ ಚಾಚಾನ ಮಾರಿ ನೋಡಿ ಕೊಟ್ಟದ್ದು. ನಾ ಅದನ್ನ ಕಂಪ್ಯೂಟರಿಗೆ ಏರಿಸಿ ಅದಕ್ಕ ಡಾಟಾ ಅಂತ ಹೆಸರಿಟ್ಟೆ.

ಉಳ್ಳಾಗಡ್ಡಿ ದಲಾಲಿ ಅಂಗಡಿಯ ಒಬ್ಬ ಸಾವಕಾರ ಒಪ್ಪಿಕೊಂಡ. ಅವಂದು ಒಂದ ಶರತ್ತು. ಪ್ರತಿ ಮೆಸೇಜಿನ ತಲಿಮ್ಯಾಲೆ ಮನಿದೇವರ ಹೆಸರು ಬರಬೇಕು, ಕೆಳಗ ಅಂಗಡಿದು ಪೂರಾ ಹೆಸರು ಬರಬೇಕು, ಅಪ್ಪನ ಹೆಸರ ಸಂಗಟ. ಲಗ್ನಪತ್ರಿಕಿ ಇದ್ದಂಗ. ನೂರಾ ಅರವತ್ತ ಅಕ್ಷರ ದಾಟಿದ್ರ ಎರಡ ಮೆಸೇಜ್ ಅಂತ ಹಿಡೀತಿದ್ರು, ನಡುವಿನ ಖಾಲಿ ಜಾಗಾನೂ ಒಂದ ಅಕ್ಷರದ ಲೆಕ್ಕ. ದೇವ್ರು, ಅಂಗಡಿ, ಅಪ್ಪ ಎಲ್ಲಾರೂ ಕುಂತ ಮ್ಯಾಲೆ ಸುದ್ದಿಗೆ ಒಂದ ಮೂಲಿ ಉಳೀತಿತ್ತು. ಕನ್ನಡ ಅಕ್ಷರ ಕಳಿಸಿದ್ರ ಆಗಿನ ಫೋನಿನಾಗ ಬರೇ ಚೌಕ ಚೌಕ ಡಬ್ಬಿ ಕಾಣತಿದ್ವು. ಅದಕ್ಕ ಇಂಗ್ಲಿಷ್ ಅಕ್ಷರದಾಗ ಕನ್ನಡ ಬರೀತಿದ್ವಿ.

ಅದಕ್ಕ ದೋಸ್ತ ಒಂದ ಪದ್ಧತಿ ಹಾಕಿದ್ದ. ನಾ ಟೈಪ್ ಮಾಡಿದ್ದನ್ನ ಅವನ ಗಟ್ಟ್ಯಾಗಿ ಓದಬೇಕು, ಓದಿದ ಮ್ಯಾಲ ಕಳಸಬೇಕು. ನಾನ ಓದಿದ್ರ ನಡ್ಯಂಗಿಲ್ಲ ಅಂತಿದ್ದ. ನಿನಗ ಅರ್ಥ ಮದಲ ಗೊತ್ತಿರತೈತಿ, ನೀ ತಪ್ಪನ್ನೂ ಸರಿ ಓದತಿ ಅಂತ. ನಾ ಅವಂಗ ಹೆಡ್‌ಮಾಸ್ತರ ಅಂತ ಕಾಡಸತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಅವ ಮನಿ ಮಂದಿ ಸಂಗಟ ಯಾವುದೋ ಲಗ್ನಕ್ಕ ಹೋಗಿದ್ದ. ಸಾವಕಾರಂದು ಫೋನ್ ಬಂತು. ಹಮಾಲರಿಗೂ ವ್ಯಾಪಾರಸ್ತರಿಗೂ ಜಗಳಾಗಿ ಸೋಮವಾರ ಉಳ್ಳಾಗಡ್ಡಿ ಖರೀದಿ ಬಂದ್ ಇಟ್ಟಿದ್ರು. ಖರೀದಿ ಬಂದ್ ಐತಿ, ಮಾಲ್ ತರಬ್ಯಾಡ್ರಿ ಅಂತ ಲಗೂ ಕಳಸು ಅಂದ. ಟೈಪ್ ಮಾಡಿದ್ನಿ. ಅಕ್ಷರ ಹೆಚ್ಚಾದ್ವು. ದೇವರನ್ನ ತಗ್ಯಾಕ ಬರೂದಿಲ್ಲ, ಅಪ್ಪನ್ನ ತಗ್ಯಾಕ ಬರೂದಿಲ್ಲ. ಮಾಲ್ ತರಬ್ಯಾಡ್ರಿ ಅನ್ನೂದನ್ನ ತಗದ್ನಿ. ಬಂದ್ ಐತಿ ಅಂದ ಮ್ಯಾಲೆ ಯಾರ ತರತಾರ ಅಂತ. ಇನ್ನೂ ಒಂದ ಅಕ್ಷರ ಹೆಚ್ಚಿತ್ತು. ನಡುವಿನ ಖಾಲಿ ಜಾಗಾ ಹೊಡದ್ನಿ. Somavara kharidi bandaiti.

ನನ್ನ ಕಣ್ಣಿಗೆ ಅದು ಬಂದ್ ಐತಿ ಅಂತನ ಕಂಡಿತು. ಓದಾವ್ರಿಗೆ ಸೋಮವಾರಕ್ಕ ಖರೀದಿ ಬಂದೈತಿ ಅಂತ ಕಂಡಿತು. ದೊಡ್ಡ ಖರೀದಿ ಬಂದೈತಿ, ಹೊರಗಿನ ವ್ಯಾಪಾರಸ್ತರು ಇಳದಾರ, ಲಗೂ ಹೋಗಬೇಕು ಅಂತ. ನಮ್ಮ ಧಾರವಾಡ ಕನ್ನಡದಾಗ ಬಾಗಲಾ ಹಾಕಿದ್ದಕ್ಕೂ ಬಾಗಲಕ್ಕ ಬಂದದ್ದಕ್ಕೂ ಇಷ್ಟ ಸನೇದ ನಂಟಸ್ತನ ಐತಿ ಅಂತ ನನಗ ಅವತ್ತ ತಿಳಿದಿದ್ದು.

ಸೋಮವಾರ ಮುಂಜಾನೆ ದೋಸ್ತಗ ಫೋನ್ ಬಂತು. ಇಬ್ಬರೂ ಗಾಡಿ ಮ್ಯಾಲೆ ಹೋದ್ವಿ. ಗೇಟಿನ ಹೊರಗ ಟ್ರ್ಯಾಕ್ಟರು, ಟೆಂಪೋ ರಸ್ತೆ ತುಂಬ. ದಿನಾ ಬರೂದಕ್ಕಿಂತ ಹೆಚ್ಚ ಬಂದಿದ್ವು. ಮ್ಯಾಲಿಂದ ಜಿಟಿಜಿಟಿ ಮಳಿ ಹಿಡದಿತ್ತು, ಉಳ್ಳಾಗಡ್ಡಿ ಚೀಲಾ ನೆನೀತಿದ್ವು. ನಡುವ ಚಾಚಾ ನಿಂತಿದ್ರು. ರಜಾ ಇದ್ರೂ ಬಂದಿದ್ರು, ಯಾಕಂದ್ರ ರೈತರು ಹುಡುಕಿ ಮನಿಗೆ ಹೇಳಿ ಕಳಿಸಿದ್ರು. ಒಬ್ಬರ ಆದ ಮ್ಯಾಲೆ ಒಬ್ಬರು ಫೋನ್ ಅವರ ಮಾರಿ ಮುಂದ ಹಿಡದು ಓದು ಅನ್ನಾಕತ್ತಿದ್ರು. ಚಾಚಾಗ ಓದಾಕ ಬರತಿರಲಿಲ್ಲ. ಒಂದೊಂದ ಫೋನೂ ಇಸಕೊಂಡು, ನೋಡಿ, ವಾಪಸ್ ಕೊಡತಿದ್ರು.

ದೋಸ್ತ ಒಂದು ಫೋನ್ ತಗೊಂಡು ಓದಿದ. ಒಮ್ಮಿ ಓದಿದ ಕೂಡಲೆ ಅವಂಗ ತಿಳೀತು. ಅಷ್ಟರಾಗ ಸಾವಕಾರ ಬಂದ, ಯಾರ್ ಬರದದ್ದು ಇದು ಅಂತ ಕೇಳಿದ. ಎಲ್ಲಾರೂ ನಮ್ಮ ಕಡೆ ನೋಡಿದ್ರು.

ನಾ ಅಂದ್ನಿ, "ಸರ್ವರ್ ಪ್ರಾಬ್ಲಮ್ ಆಗಿರಬೇಕ್ರಿ ಸಾವಕಾರ್ರ."

ಅಲ್ಲಿ ಯಾರಿಗೂ ಸರ್ವರ್ ಅಂದ್ರ ಏನಂತ ಗೊತ್ತಿರಲಿಲ್ಲ, ನನಗೂ ಅರ್ಧಾನ ಗೊತ್ತಿತ್ತು. ದೋಸ್ತ ನನ್ನ ಮಾರಿ ನೋಡಿದ. ಎರಡ ಉಸರು ನೋಡಿರಬೇಕು. ಆಮ್ಯಾಲೆ ರೈತರ ಕಡೆ ತಿರಗಿ, "ತಪ್ಪು ನಂದ ಐತ್ರಿ. ನಾ ಓದಿ ಕಳಸಬೇಕಾಗಿತ್ತು, ಓದಲಿಲ್ಲ" ಅಂದ. ಗುಂಪಿನಾಗಿಂದ ಒಬ್ಬಾಂವ ದೋಸ್ತಗಲ್ಲ, ಚಾಚಾಗ ಹೇಳಿದ, "ನಿನ್ನ ಮಾರಿ ನೋಡಿ ಕೊಟ್ಟಿದ್ವೆಪಾ ನಂಬರು." ಚಾಚಾ ತಲಿ ಮ್ಯಾಲಿನ ಟೋಪಿ ತಗದು, ನೀರ ಝಾಡಿಸಿ, ಮತ್ತ ಹಾಕ್ಕೊಂಡ್ರು.

ವಾಪಸ್ ಬರೂಮುಂದ ನವನಗರದ ಕಡೆ ದೋಸ್ತ ಗಾಡಿ ನಿಂದ್ರಸಿದ. ಬೈತಾನ ಅಂತ ಮಾಡಿದ್ನಿ. ಬೈಲಿಲ್ಲ. ಒಂದ ಕೇಳಿದ. ಅದ ಎಲ್ಲಾ ನಂಬರಿಗೂ ಇನ್ನೊಂದ ಮೆಸೇಜ್ ಬಿಡು. ತಪ್ಪು ಮೆಸೇಜ್ ಕಳಸಿದಾವ್ರದು, ಚೀಲಾ ಹೊಲಿಯೂ ಚಾಚಾಂದಲ್ಲ ಅಂತ ಬರಿ. ನಿನ್ನ ಹೆಸರ ಹಾಕಬ್ಯಾಡ, ಬೇಕಾರ ನಂದ ಹಾಕು. ಅಬ್ಬಾ ನಾಳೆ ಅಲ್ಲೇ ಹೋಗಿ ಕುಂದರಬೇಕು.

ಕಳಸತೇನಿ ಅಂದ್ನಿ. ಸಾವಕಾರಗ ಕೇಳಿದ್ನಿ. ಅವ ಆದದ್ದನ್ನ ಮತ್ತ ನೆನಪ ಮಾಡಿ ಕೊಡಬ್ಯಾಡ ಅಂದ. ಸುಮ್ಮನಿದ್ರ ಮರೀತಾರ, ಇನ್ನಿಬ್ಬರು ದಲಾಲರಿಗೆ ನಿನ್ನ ಬಗ್ಗೆ ಹೇಳೇನಿ, ಕೆಡಿಸ್ಕೋಬ್ಯಾಡ ಅಂದ. ನನಗ ಆ ಇನ್ನಿಬ್ಬರು ದೊಡ್ಡಾವ್ರಾಗಿ ಕಂಡ್ರು. ಧಂದೆ ಬೆಳೀತೈತಿ, ಬೆಳದ ಮ್ಯಾಲೆ ದೋಸ್ತಗೂ ಛಲೋನ ಅಂತ ನನಗ ನಾನ ಹೇಳಿಕೊಂಡೆ. ನೂರಾ ಅರವತ್ತ ಅಕ್ಷರದ ಒಂದ ಮೆಸೇಜು. ಒತ್ತಾಕ ಒಂದ ಬೆರಳು ಸಾಕಿತ್ತು.

ಯಾರೂ ಮರೀಲಿಲ್ಲ. ಸಿಟ್ಟ ಇಳಿದ ಮ್ಯಾಲೆ ಅದು ಚ್ಯಾಷ್ಟಿ ಆತು. ಚಾಚಾ ದಬ್ಬಣಕ್ಕ ಸುತಳಿ ಪೋಣಿಸೂಮುಂದ ಯಾರರ ಬಂದು, "ಚಾಚಾ, ಇವತ್ತ ಖರೀದಿ ಬಂದೈತೋ, ಬಂದ್ ಐತೋ?" ಅಂತಿದ್ರು. ಹಮಾಲರು ನಗತಿದ್ರು. ಮದಲ ಚಾಚಾನೂ ನಕ್ಕರಂತ. ಸಿಟ್ಟಾಗಿದ್ರ ಎದರಾಡಬಹುದಿತ್ತು, ಚ್ಯಾಷ್ಟಿಗೆ ಏನ ಹೇಳೂದು. ಸ್ವಲ್ಪ ದಿನಕ್ಕ ಉಳ್ಳಾಗಡ್ಡಿ ಕಡೆ ಕುಂದರೂದ ಬಿಟ್ಟು ಶೇಂಗಾದ ಕಡೆ ಹೋದ್ರು. ಅಲ್ಲಿ ಬ್ಯಾರೆ ಮಂದಿ ಮದಲಿಂದ ಇದ್ರು, ಇವರಿಗೆ ಉಳದ ಚೀಲ ಸಿಗತಿದ್ವು.

ದೋಸ್ತ ಆ ಮೆಸೇಜಿಗೆ ಎಂಟ ದಿನ ದಾರಿ ನೋಡಿದ. ಒಂಬತ್ತನೇ ದಿನ ತನ್ನ ಟೇಬಲ್ಲು, ಚಿಮಟಾ, ದೀಪ ಎಲ್ಲಾ ಆಟೋಕ್ಕ ಹಾಕಿದ. ಹಳೇ ಹುಬ್ಬಳ್ಳ್ಯಾಗ ಯಾರದೋ ಅಂಗಡ್ಯಾಗ ಮೂಲಿ ಹಿಡದಿದ್ದ. ಹೋಗೂಮುಂದ, "ಆ ನಂಬರೆಲ್ಲಾ ಅಳಸಿಬಿಡು. ಅವು ಅಬ್ಬಾಗ ಕೊಟ್ಟದ್ದು, ನಿನಗ ಕೊಟ್ಟದ್ದಲ್ಲ" ಅಂದ. ಹೂಂ ಅಂದ್ನಿ.

ಇನ್ನಿಬ್ಬರು ದಲಾಲರು ಬರಲೇ ಇಲ್ಲ. ಸಾವಕಾರನೂ ಬಿಟ್ಟ. ಮುಂದಿನ ಮಳಗಾಲ ಬರೂದ್ರಾಗ ಧಂದೆ ಕುಂತು ಬಿಟ್ಟಿತು. ಮೆಸೇಜ್ ಮಾರೂ ಹುಬ್ಬಳ್ಳ್ಯಾವ ಒಂದಿನ ಬಂದು ಚಾ ಕುಡಕೋತ ಹೇಳಿದ, ಮೆಸೇಜಿನಾಗ ಏನೂ ಇಲ್ರಿ, ಅದನ್ನ ನಾಳೆ ಯಾರ ಬೇಕಾದಾವ್ರು ಮಾರತಾರ, ರೊಕ್ಕ ಇರೂದು ನಂಬರಿನ ಪಟ್ಟ್ಯಾಗ. ನಿಮ್ಮ ಹತ್ರ ಹಳ್ಳಿ ನಂಬರ್ ಅದಾವಂತಲ್ಲ ಅಂದ. ಈ ಧಂದೆ ಬಗ್ಗೆ ನಾ ಕೇಳಿದ ಖರೇ ಮಾತು ಅದೊಂದ. ಅವಂಗ ಕೊಟ್ಟೆ. ಎಷ್ಟಕ್ಕ ಅಂತ ಹೇಳಾಕ ನಾಚಿಕಿ ಆಕ್ಕೇತಿ, ಮನಿಗೆ ಒಂದು ಹಳೇ ಫ್ರಿಜ್ಜು ಬಂತು.

ಪಟ್ಟಿ ಮಾರಿ ಐದಾರ ತಿಂಗಳಾಗಿತ್ತು. ಒಂದು ಮುಂಜಾನೆ ದೋಸ್ತ ಬಂದ, ಹಿಂದ ಚಾಚಾ. ದೋಸ್ತ ಒಳಗ ಬರಲಿಲ್ಲ, ಬಾಗಲದಾಗ ನಿಂತ. ಚಾಚಾ ಕಿಸೆದಿಂದ ಫೋನ್ ತಗದು ನನ್ನ ಕೈಗೆ ಕೊಟ್ರು.

"ನೀನರ ಓದಿ ಹೇಳ ಬೇಟಾ. ದಿನಾ ಟಣ್ ಟಣ್ ಅಂತೈತಿ, ನಮಾಜಿಗೆ ನಿಂತಾಗೂ ಬಿಡೂದಿಲ್ಲ. ಇವನ ಕೇಳಿದ್ರ, ಓದಂಗಿಲ್ಲ, ಅವಂಗ ಕೇಳು ಅಂತಾನ."

ಓದಿದ್ನಿ. ನವನಗರದ ಹತ್ರ ಪ್ಲಾಟು, ಸುಲಭ ಕಂತು. ಮನಿ ಕೂತಲ್ಲೇ ಸಾಲ. ತೂಕ ಇಳಸೂ ಔಷಧ. ಪಟ್ಟಿಯ ಮದಲನೇ ನಂಬರ ಚಾಚಾಂದು. ಮೆಸೇಜ್ ಹೋತೋ ಇಲ್ಲೋ ನೋಡಾಕ ಅವರ ಫೋನಿಗೇ ಬಿಡತಿದ್ವಿ. ಮಾರೂಮುಂದ ಅದನ್ನ ತಗೀಬೇಕು ಅನ್ನೂದ ನನಗ ಹೊಳೀಲಿಲ್ಲ.

ನನ್ನ ನಂಬರು ಇವರಿಗೆ ಹೆಂಗ ಸಿಕ್ತು ಅಂತ ಚಾಚಾ ಕೇಳಿದ್ರು. ಬಾಗಲದ ಕಡೆ ನೋಡಿದ್ನಿ. ದೋಸ್ತ ನನ್ನನ್ನ ನೋಡಾಕತ್ತಿದ್ದ, ಯಾರ್ಡಿನಾಗ ನೋಡಿದಂಗ ಅಲ್ಲ, ಏನೂ ಕಾಯದಂಗ.

"ಕಂಪನ್ಯಾವ್ರು ಎಲ್ಲಾರಿಗೂ ಕಳಸತಾರ ಚಾಚಾ" ಅಂದ್ನಿ.

"ಎಲ್ಲಾರಿಗೂ ಅಂದ್ರ, ಉಳ್ಳಾಗಡ್ಡಿ ತರಾವ್ರಿಗೂ?"

"ಹೂಂ."

ಚಾಚಾ ಫೋನ್ ಇಸಕೊಂಡ್ರು. ಬಟ್ಟಿಗೆ ಒರಸಿ ಕಿಸೆದಾಗ ಇಟ್ಕೊಂಡ್ರು. "ಹಂಗಾರ ಇದನ್ನೂ ನನ್ನ ಮಗಾನ ಕಳಸ್ಯಾನ ಅಂತಾರ" ಅಂದ್ರು.

ದೋಸ್ತ "ಚಲೋ ಅಬ್ಬಾ, ಹೋಗೂಣು" ಅಂದ. ಇಬ್ಬರೂ ಮೆಟ್ಟಲಾ ಇಳದು ಬಸ್‌ಸ್ಟಾಪಿನ ಕಡೆ ಹೋದ್ರು. ಚಾಚಾ ಮುಂದ, ಇವ ಹಿಂದ. ನಾ ಒಳಗ ಬಂದು ಕಂಪ್ಯೂಟರ್ ಹಚ್ಚಿ ಆ ಪಟ್ಟಿ ಅಳಿಸಿದ್ನಿ. ಅಷ್ಟೊತ್ತಿಗೆ ಅದು ಎಷ್ಟ ಮಂದಿ ಕಡೆ ಇತ್ತೋ ನನಗ ಗೊತ್ತಿಲ್ಲ.